ದೃಷ್ಟಿಗೆ ಯಾವ ಕುಂಬಳ?



ನಾನು ವಿಜ್ಞಾನದ ಸಂಪನ್ಮೂಲ ಶಿಕ್ಷಕಿ. ಒಂದೇ ಶಾಲೆಯಲ್ಲಿ ಕುಳಿತು ಪಾಠ ಮಾಡುವುದಲ್ಲ, ಬೆಂಗಳೂರಿನ ದಕ್ಷಿಣ ಭಾಗದ ಸರ್ಕಾರಿ ಶಾಲೆಗಳನ್ನು ಸುತ್ತುವುದು ನನ್ನ ಕೆಲಸ. ಒಂದು ದಿನ ಜಯನಗರವಾದರೆ ಇನ್ನೊಂದು ದಿನ ಬನಶಂಕರಿ, ಮತ್ತೊಂದು ದಿನ ಜೆ.ಪಿ. ನಗರ ಅಥವಾ ಬಿ.ಟಿ.ಎಂ. ಬಡಾವಣೆ. ನನ್ನ ಕೈಚೀಲದಲ್ಲಿ ಕಾಂತ, ಮಸೂರ, ಲಿಟ್ಮಸ್ ಕಾಗದ ಇದ್ದೇ ಇರುತ್ತವೆ. ಆದರೆ ಈ ಸಲ ನಾನು ಹೇಳಹೊರಟಿರುವುದು ಅವುಗಳ ಬಗ್ಗೆ ಅಲ್ಲ. ನಿಮ್ಮ ಊಟದ ತಟ್ಟೆಯಲ್ಲಿರುವ ಒಂದು ಹಳದಿ ಹೋಳಿನ ಬಗ್ಗೆ.

ಬನಶಂಕರಿ ಕಡೆಯ ಒಂದು ಶಾಲೆಗೆ ಹೋಗಿದ್ದಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಅನ್ನ, ಸಾಂಬಾರು ಬಡಿಸಿದ್ದರು. ಸಾಂಬಾರಿನಲ್ಲಿ ಸಿಹಿಗುಂಬಳದ ಹೋಳುಗಳಿದ್ದವು. ಮಕ್ಕಳು ಊಟ ಮುಗಿಸಿ ಏಳುವಾಗ ನೋಡುತ್ತೇನೆ, ಹೆಚ್ಚಿನ ತಟ್ಟೆಗಳ ಅಂಚಿನಲ್ಲಿ ಆ ಹೋಳುಗಳು ಸಾಲಾಗಿ ಕುಳಿತಿವೆ! ಅನ್ನ ಖಾಲಿ, ಬೇಳೆ ಖಾಲಿ, ಕುಂಬಳ ಮಾತ್ರ ಹಾಗೇ ಇದೆ.

"ಯಾಕಮ್ಮಾ, ಇದನ್ನು ಬಿಟ್ಟಿದ್ದೀಯಲ್ಲ?" ಎಂದು ಆರನೇ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದೆ.

"ಅದು ಮೆತ್ತಗೆ ಇರುತ್ತೆ ಮಿಸ್. ಖಾರದ ಸಾಂಬಾರಿನಲ್ಲಿ ಸಿಹಿ ಸಿಹಿಯಾಗಿ ಸಿಗುತ್ತೆ" ಎಂದಳು. ಪಕ್ಕದಲ್ಲಿದ್ದವಳು, "ಅದು ದೃಷ್ಟಿ ತೆಗೆಯೋ ಕಾಯಿ ಅಲ್ವಾ ಮಿಸ್?" ಎಂದು ಸೇರಿಸಿದಳು.

ನಾನು ಬೈಯಲಿಲ್ಲ. ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವರ ವಯಸ್ಸಿನಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಅದರಿಂದ ನಮ್ಮ ಮನೆಯಲ್ಲಿ ಆದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅದನ್ನೇ ನಿಮಗೆ ಹೇಳುತ್ತೇನೆ.

ಅಟ್ಟದ ಮೇಲಿನ ಕಾಯಿ

ನನ್ನ ಹುಟ್ಟೂರು ಕನಕಪುರ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿ. ಮನೆಯ ಹಿಂದೆ ತಿಪ್ಪೆ ಇತ್ತು. ಪ್ರತಿ ವರ್ಷ ಮುಂಗಾರಿನಲ್ಲಿ ಆ ತಿಪ್ಪೆಯ ಪಕ್ಕದಲ್ಲಿ ಕುಂಬಳದ ಬಳ್ಳಿ ಹಬ್ಬುತ್ತಿತ್ತು. ಕಾಯಿ ಚೆನ್ನಾಗಿ ಬಲಿತ ಮೇಲೆ ಅಪ್ಪ ತೊಟ್ಟು ಮುರಿಯದಂತೆ ಕೊಯ್ದು ತಂದು ಅಟ್ಟದ ಮೇಲೆ ಸಾಲಾಗಿ ಇಡುತ್ತಿದ್ದರು. ಸಂತೆಗೆ ಕೆಲವು, ನೆಂಟರ ಮನೆಯ ಮದುವೆಗೆ ಕೆಲವು. ಉಳಿದದ್ದು ಮನೆಗೆ. ಆದರೆ ಮನೆಯಲ್ಲಿ ಕುಂಬಳದ ಹುಳಿ ಮಾಡಿದ ದಿನ ನಾನೂ ನನ್ನ ತಮ್ಮನೂ ಹೋಳುಗಳನ್ನು ಎತ್ತಿ ಪಕ್ಕಕ್ಕಿಡುತ್ತಿದ್ದೆವು. ಮುದ್ದೆಗೆ ಬರೀ ಹುಳಿ ಸಾಕು ಎನ್ನುತ್ತಿದ್ದೆವು.

1988ರಲ್ಲಿ ನಾನು ಮೂರನೇ ತರಗತಿಯಲ್ಲಿದ್ದೆ. ತಮ್ಮನಿಗೆ ಆಗ ನಾಲ್ಕು ವರ್ಷ. ಅವನಿಗೆ ದಡಾರ ಬಂತು. ಜ್ವರ ಬಿಟ್ಟಿತು, ಮೈಮೇಲಿನ ಗುಳ್ಳೆ ಮಾಯವಾಯಿತು, ಆದರೆ ಹುಡುಗ ಸೊರಗಿಹೋದ. ಕೆಲವು ದಿನಗಳಲ್ಲಿ ಹೊಸದೊಂದು ತೊಂದರೆ ಶುರುವಾಯಿತು. ಹಗಲು ಚೆನ್ನಾಗಿ ಆಡುತ್ತಿದ್ದವನು ಮುಸ್ಸಂಜೆಯಾದರೆ ಜಗಲಿಯ ಮೂಲೆ ಹಿಡಿದು ಕುಳಿತುಬಿಡುತ್ತಿದ್ದ. ಎದ್ದು ನಡೆದರೆ ಹೊಸಿಲಿಗೆ ಎಡವುತ್ತಿದ್ದ, ದನ ಕಟ್ಟುವ ಗೂಟಕ್ಕೆ ಮುಗ್ಗರಿಸುತ್ತಿದ್ದ. ಒಂದು ಸಂಜೆ ಅವ್ವ ಅಂಗಳದಲ್ಲಿ ಅವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ಅವನು ಸುತ್ತ ಕೈ ಚಾಚಿ, "ಅವ್ವಾ, ಎಲ್ಲಿದ್ದೀಯೆ?" ಎಂದು ಅಳತೊಡಗಿದ. ನಮಗೆಲ್ಲ ಅವ್ವ ಕಾಣುತ್ತಿದ್ದಳು, ಅವನೊಬ್ಬನಿಗೆ ಕಾಣುತ್ತಿರಲಿಲ್ಲ.

"ಮಗೀಗೆ ಯಾರ್ದೋ ದೃಷ್ಟಿ ತಗುಲದೆ" ಎಂದರು ಅಜ್ಜಿ. ಅವರಿಗೆ ಮೊಮ್ಮಗನ ಮೇಲೆ ಪ್ರಾಣ. ಅಮಾವಾಸ್ಯೆಯ ದಿನ ಒಂದು ಬೂದುಗುಂಬಳ ತರಿಸಿ, ಕುಂಕುಮ ತುಂಬಿ, ತಮ್ಮನಿಗೆ ನಿವಾಳಿಸಿ ಬಾಗಿಲ ಮುಂದೆ ಒಡೆಸಿದರು. ಮರುದಿನ ಸಂಜೆಯೂ ತಮ್ಮ ಎಡವಿಬಿದ್ದ.

ಅಪ್ಪ ಅವನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಟಾಗ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಡಾಕ್ಟರು ತಮ್ಮನ ಕಣ್ಣಿನ ಬಿಳಿಭಾಗವನ್ನು ಟಾರ್ಚ್ ಹಾಕಿ ನೋಡಿದರು. ಅಲ್ಲಿ ಸೋಪಿನ ನೊರೆಯಂಥ ಸಣ್ಣ ಮಚ್ಚೆ ಇತ್ತು. "ಇದು ಇರುಳುಗುರುಡು. ವಿಟಮಿನ್ ಎ ಕೊರತೆ. ದಡಾರ ಬಂದಾಗ ಮೈಯಲ್ಲಿದ್ದ ಅಲ್ಪಸ್ವಲ್ಪವೂ ಖರ್ಚಾಗಿದೆ" ಎಂದರು. ಎಣ್ಣೆಯಂಥ ಔಷಧಿಯನ್ನು ಚಮಚದಲ್ಲಿ ಕುಡಿಸಿದರು. ಮರುದಿನವೂ ಬರಲು ಹೇಳಿದರು. ಆಮೇಲೆ ಅಪ್ಪನನ್ನು ಕೇಳಿದರು: "ಮನೆಯಲ್ಲಿ ಸಿಹಿಗುಂಬಳ ಇದೆಯೇನಪ್ಪ? ನುಗ್ಗೆ ಮರ ಇದೆಯಾ? ಪರಂಗಿ ಹಣ್ಣು?"

ಅಪ್ಪ ಉತ್ತರ ಕೊಡದೆ ತಲೆ ತಗ್ಗಿಸಿದರು. ನಮ್ಮ ತಲೆಯ ಮೇಲೆಯೇ, ಅಟ್ಟದಲ್ಲಿ, ಒಂಬತ್ತೋ ಹತ್ತೋ ಕುಂಬಳಕಾಯಿ ಇದ್ದವು!

ತಮ್ಮನಿಗೆ ಔಷಧಿ ಕೆಲವೇ ದಿನಗಳಲ್ಲಿ ಗುಣ ತೋರಿಸಿತು. ಮತ್ತೆ ಕೊರತೆ ಬಾರದಂತೆ ನೋಡಿಕೊಂಡದ್ದು ಮಾತ್ರ ಅಡುಗೆಮನೆ. ಅಂದಿನಿಂದ ನಮ್ಮ ಮನೆಯಲ್ಲಿ ಕುಂಬಳದ ಹೋಳನ್ನು ಪಕ್ಕಕ್ಕಿಡುವಂತಿರಲಿಲ್ಲ. ಅಜ್ಜಿಯೇ ಮುಂದೆ ಕೂತು ತಿನ್ನಿಸುತ್ತಿದ್ದರು. "ದೃಷ್ಟಿಗೆ ಒಡೆಯೋ ಕಾಯಿ ಬೇರೆ, ತಿನ್ನೋ ಕಾಯಿ ಬೇರೆ ಕಣವ್ವಾ" ಎಂದು ಅವರೇ ನಗುತ್ತಿದ್ದರು.

ಎರಡು ಕುಂಬಳ, ಎರಡು ಊರು

ಅಜ್ಜಿ ಹೇಳಿದ್ದು ಸರಿ. ನಾವು ಕುಂಬಳಕಾಯಿ ಎಂದು ಒಂದೇ ಹೆಸರಿನಿಂದ ಕರೆಯುವ ಕಾಯಿಗಳು ಎರಡು. ಎರಡೂ ಸೋರೆ, ಸೌತೆ, ಹೀರೆ, ಹಾಗಲಗಳ ಕುಟುಂಬಕ್ಕೆ ಸೇರಿದವು. ಆದರೆ ಅವು ಬೇರೆ ಬೇರೆ ಗಿಡಗಳು.

ಬೂದುಗುಂಬಳದ ವೈಜ್ಞಾನಿಕ ಹೆಸರು ಬೆನಿನ್‌ಕಾಸ ಹಿಸ್ಪಿಡ. ಇದರ ತವರು ಏಷ್ಯಾ ಖಂಡ. ತಿರುಳು ಬಿಳಿ. ಬಲಿತಾಗ ಸಿಪ್ಪೆಯ ಮೇಲೆ ಬೂದಿಯಂಥ ಬಿಳಿಪುಡಿ ಮೂಡುತ್ತದೆ. ಅದು ಬೂದಿಯಲ್ಲ, ಗಿಡವೇ ತಯಾರಿಸುವ ಮೇಣ. ಮುಟ್ಟಿದರೆ ಕೈಗೆ ಅಂಟುತ್ತದೆ. "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆ ನಿಮಗೆ ಗೊತ್ತಲ್ಲವೇ? ಕಳ್ಳ ಹೆಗಲನ್ನೇ ಏಕೆ ಮುಟ್ಟಿ ನೋಡಿಕೊಂಡ? ಕದ್ದ ಕಾಯಿಯನ್ನು ಹೆಗಲ ಮೇಲೆ ಹೊತ್ತಾಗ ಆ ಬಿಳಿಪುಡಿ ಅಂಟಿರಬಹುದು ಎಂಬ ಭಯ! ಅಂದರೆ ಗಾದೆಯ ಕಾಯಿ ಬೂದುಗುಂಬಳವೇ ಇರಬೇಕು. ಆಯುಧಪೂಜೆಯ ಹಿಂದಿನ ದಿನ ಗಾಂಧಿಬಜಾರಿನಲ್ಲಿ, ಜಯನಗರ 4ನೇ ಬ್ಲಾಕಿನಲ್ಲಿ ರಾಶಿ ರಾಶಿ ಬೀಳುವುದೂ ಇದೇ ಕಾಯಿ. ಸಿನಿಮಾ ಚಿತ್ರೀಕರಣ ಮುಗಿದಾಗ "ಕುಂಬಳಕಾಯಿ ಒಡೆದರು" ಎನ್ನುವುದೂ ಇದನ್ನೇ. ಒಡೆದ ಹೋಳುಗಳನ್ನು ರಸ್ತೆಯಲ್ಲೇ ಬಿಟ್ಟರೆ ದ್ವಿಚಕ್ರ ವಾಹನದವರು ಜಾರಿಬೀಳುತ್ತಾರೆ. ನಿಮ್ಮ ಮನೆಯ ಮುಂದೆ ಒಡೆದಿದ್ದರೆ ಕೂಡಲೇ ಬದಿಗೆ ಗುಡಿಸಿಹಾಕಿ. ಅಂದ ಹಾಗೆ, ಬೂದುಗುಂಬಳ ಒಡೆಯುವುದಕ್ಕಷ್ಟೇ ಅಲ್ಲ, ಮಜ್ಜಿಗೆಹುಳಿಗೂ ಕಾಶಿಹಲ್ವಕ್ಕೂ ಅದೇ ಬೇಕು.

ಸಿಹಿಗುಂಬಳದ ತಿರುಳು ಹಳದಿ ಅಥವಾ ಕಿತ್ತಳೆ. ನಮ್ಮಲ್ಲಿ ಬೆಳೆಯುವವು ಮುಖ್ಯವಾಗಿ ಕುಕುರ್ಬಿಟ ಮೊಸ್ಕಾಟ ಮತ್ತು ಕುಕುರ್ಬಿಟ ಮ್ಯಾಕ್ಸಿಮ ಎಂಬ ಜಾತಿಗಳು. ಇವುಗಳ ತವರು ಬಹಳ ದೂರದ ಅಮೆರಿಕ ಖಂಡಗಳು.

ಕುಂಬಳದ ಪ್ರಯಾಣ

ಕಾಡಿನ ಕುಂಬಳ ನಿಂಬೆಯಷ್ಟೋ ಕಿತ್ತಳೆಯಷ್ಟೋ ದೊಡ್ಡದಿದ್ದು ವಿಪರೀತ ಕಹಿಯಾಗಿತ್ತು. ಆನೆಯ ದೂರದ ಸಂಬಂಧಿಯಾದ, ಈಗ ಅಳಿದುಹೋಗಿರುವ ಮಾಸ್ಟೊಡಾನ್ ಎಂಬ ಪ್ರಾಣಿಯ ಲದ್ದಿಯ ಪಳೆಯುಳಿಕೆಯಲ್ಲಿ ಅದರ ಬೀಜಗಳು ಸಿಕ್ಕಿವೆ. ಮನುಷ್ಯರು ಕಹಿ ಕಡಿಮೆಯಿರುವ, ದೊಡ್ಡದಾಗಿರುವ ಕಾಯಿಗಳ ಬೀಜವನ್ನೇ ಮತ್ತೆ ಮತ್ತೆ ಆರಿಸಿ ಬಿತ್ತುತ್ತ ಬಂದರು. ಮೆಕ್ಸಿಕೊ ದೇಶದ ವಹಾಕ ಪ್ರಾಂತ್ಯದ ಗುಹೆಯೊಂದರಲ್ಲಿ ಸಿಕ್ಕ ಕುಂಬಳ ವರ್ಗದ ಬೀಜಗಳು ಸುಮಾರು 10,000 ವರ್ಷ ಹಳೆಯವು. ಅಂದರೆ ಮನುಷ್ಯ ಬೇಸಾಯ ಕಲಿಯುತ್ತಿದ್ದ ದಿನಗಳಲ್ಲೇ ಕುಂಬಳ ಅವನ ಜೊತೆಗಿತ್ತು.

ಅಮೆರಿಕದ ಮೂಲನಿವಾಸಿಗಳು ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಇವು ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುತ್ತಿದ್ದರು. ಜೋಳದ ದಂಟು ಹುರುಳಿ ಬಳ್ಳಿಗೆ ಆಸರೆ. ಹುರುಳಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ. ಕುಂಬಳದ ಅಗಲ ಎಲೆಗಳು ನೆಲ ಮುಚ್ಚಿ ಕಳೆ ಬಾರದಂತೆ, ತೇವ ಆರದಂತೆ ಕಾಯುತ್ತವೆ. ಈ ಮೂವರನ್ನು ಅವರು ಅಕ್ಕತಂಗಿಯರು ಎಂದು ಕರೆಯುತ್ತಾರೆ. ನಮ್ಮ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವುದಿಲ್ಲವೇ? ಎಷ್ಟು ದೂರದ ರೈತರಿಗೂ ಒಂದೇ ಬಗೆಯ ಬುದ್ಧಿ ಹೊಳೆದಿದೆ ನೋಡಿ.

1492ರಲ್ಲಿ ಕೊಲಂಬಸ್ ಅಮೆರಿಕ ತಲುಪಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅದರ ಮೊದಲು ನಮ್ಮ ದೇಶದಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಪರಂಗಿ ಹಣ್ಣು, ಸಿಹಿಗುಂಬಳ ಯಾವುದೂ ಇರಲಿಲ್ಲ. ಇವೆಲ್ಲ ಆ ಹಡಗುಗಳ ಕಾಲದ ನಂತರ ಬಂದವು.

ಹೊರಗಿನಿಂದ ಬಂದದ್ದರ ಗುರುತು ಹೆಸರಿನಲ್ಲೇ ಉಳಿದಿದೆ. ತಮಿಳಿನಲ್ಲಿ ಸಿಹಿಗುಂಬಳಕ್ಕೆ ಪರಂಗಿಕ್ಕಾಯ್ ಎನ್ನುತ್ತಾರೆ. ಪರಂಗಿ ಎಂದರೆ ಫರಂಗಿ, ಅಂದರೆ ಪರದೇಶದವನು. ಕನ್ನಡದಲ್ಲಿ ಅದೇ ಮಾತು ಪಪ್ಪಾಯಿಗೆ ಅಂಟಿಕೊಂಡು ಪರಂಗಿ ಹಣ್ಣಾಯಿತು. ಮಲೆನಾಡಿನವರು ಸಿಹಿಗುಂಬಳವನ್ನು ಚೀನಿಕಾಯಿ ಎನ್ನುತ್ತಾರೆ. ಕಾಯಿ ಬಂದದ್ದು ಚೀನಾದಿಂದಲ್ಲ. ಆದರೂ ಎಲ್ಲೋ ದೂರದಿಂದ ಬಂದದ್ದೆಂಬ ನೆನಪು ಹೆಸರಿನಲ್ಲಿ ಇದ್ದಂತಿದೆ. ತುಳುವಿನಲ್ಲಿ ಇದು ಕೆಂಬುಡೆ.

ಚಳಿಗಾಲದ ಕಾಯಿ

ಹಿಮ ಬೀಳುವ ದೇಶಗಳಲ್ಲಿ ಈ ಬಗೆಯ ಕುಂಬಳಕ್ಕೆ ಚಳಿಗಾಲದ ಕಾಯಿ ಎಂಬ ಅರ್ಥದ ಹೆಸರಿದೆ. ಚಳಿಗಾಲದಲ್ಲಿ ಬೆಳೆಯುತ್ತದೆ ಎಂದಲ್ಲ. ಬೇಸಿಗೆಯಲ್ಲಿ ಬೆಳೆದು, ಶರತ್ಕಾಲದಲ್ಲಿ ಕೊಯ್ದು, ಹೊಲವೆಲ್ಲ ಹಿಮ ಮುಚ್ಚಿದಾಗ ತಿನ್ನಲು ಕೂಡಿಡುವ ಕಾಯಿ ಎಂದು. ನಮ್ಮಲ್ಲಿ ಹಿಮವಿಲ್ಲ. ಆದರೆ ಮಲೆನಾಡಿನಲ್ಲಿ ಹಿಡಿದ ಮಳೆ ಬಿಡದ ತಿಂಗಳುಗಳಿವೆ. ಬಯಲುಸೀಮೆಯಲ್ಲಿ ತರಕಾರಿ ಸಿಗದ ಬೇಸಿಗೆಯಿದೆ. ಹಾಗಾಗಿ ಅಟ್ಟದ ಮೇಲೆ ಇಡುವ, ತೊಲೆಗೆ ಹಗ್ಗದಲ್ಲಿ ನೇತುಹಾಕುವ ರೂಢಿ ನಮ್ಮಲ್ಲೂ ಬಂತು.

ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಈ ಕಾಯಿ ಕೆಡದೆ ಇರುವುದು ಹೇಗೆ? ಕಾಯಿ ಪೂರ್ತಿ ಬಲಿತಾಗ ಸಿಪ್ಪೆ ಗಟ್ಟಿಯಾಗುತ್ತದೆ. ಉಗುರು ಒತ್ತಿದರೂ ಇಳಿಯುವುದಿಲ್ಲ. ಒಳಗಿನ ನೀರು ಹೊರಹೋಗದಂತೆ, ಹೊರಗಿನ ಶಿಲೀಂಧ್ರ ಒಳಬಾರದಂತೆ ಅದು ತಡೆಯುತ್ತದೆ. ತೊಟ್ಟು ಮುರಿದರೆ ಆ ಗಾಯದಿಂದಲೇ ಕೊಳೆತ ಶುರು. ನಮ್ಮಪ್ಪ ತೊಟ್ಟನ್ನು ಅಷ್ಟು ಜೋಪಾನ ಮಾಡುತ್ತಿದ್ದದ್ದು ಇದಕ್ಕೇ. ಕಾಯಿಗೆ ಗಾಳಿಯಾಡಬೇಕು, ಒಂದರ ಮೇಲೊಂದು ಹೇರಬಾರದು. ಇನ್ನೊಂದು ಸಂಗತಿ: ಕೂಡಿಟ್ಟ ದಿನಗಳಲ್ಲಿ ಕಾಯಿಯೊಳಗಿನ ಪಿಷ್ಟದ ಒಂದಂಶ ಸಕ್ಕರೆಯಾಗುತ್ತದೆ. ಹಾಗಾಗಿ ಅಟ್ಟದಲ್ಲಿದ್ದ ಕಾಯಿ ಹೊಸ ಕಾಯಿಗಿಂತ ಸಿಹಿಯಾಗಿರುತ್ತದೆ.

ಹೋಳಿನೊಳಗೆ ಏನಿದೆ?

100 ಗ್ರಾಂ ಹಸಿ ಸಿಹಿಗುಂಬಳದಲ್ಲಿ ಸುಮಾರು 91 ಗ್ರಾಂ ನೀರೇ ಇರುತ್ತದೆ. ಶರ್ಕರಪಿಷ್ಟ ಸುಮಾರು ಆರೂವರೆ ಗ್ರಾಂ, ಪ್ರೋಟೀನು 1 ಗ್ರಾಂ. ಸಿಗುವ ಶಕ್ತಿ 26 ಕಿಲೋಕ್ಯಾಲೊರಿ ಮಾತ್ರ. ಪೊಟ್ಯಾಸಿಯಂ 340 ಮಿಲಿಗ್ರಾಂ, ವಿಟಮಿನ್ ಸಿ 9 ಮಿಲಿಗ್ರಾಂ. ಇಷ್ಟೇ ನೋಡಿದರೆ ದೊಡ್ಡ ವಿಶೇಷವೇನೂ ಕಾಣದು. ವಿಶೇಷ ಇರುವುದು ಅದರ ಬಣ್ಣದಲ್ಲಿ.

ಆ ಕಿತ್ತಳೆ ಬಣ್ಣ ಕೊಡುವ ವಸ್ತುಗಳಲ್ಲಿ ಮುಖ್ಯವಾದದ್ದು ಬೀಟಾ ಕೆರೋಟಿನ್. ನಾವು ತಿಂದ ಬೀಟಾ ಕೆರೋಟಿನ್ನನ್ನು ನಮ್ಮ ದೇಹ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಒಂದು ಲೆಕ್ಕ ಮಾಡೋಣ. 100 ಗ್ರಾಂ ಕುಂಬಳದಲ್ಲಿ ಸುಮಾರು 3,100 ಮೈಕ್ರೋಗ್ರಾಂ ಬೀಟಾ ಕೆರೋಟಿನ್ ಇದೆ ಎಂದುಕೊಳ್ಳಿ. ಆಹಾರದಲ್ಲಿನ 12 ಮೈಕ್ರೋಗ್ರಾಂ ಬೀಟಾ ಕೆರೋಟಿನ್ನಿನಿಂದ 1 ಮೈಕ್ರೋಗ್ರಾಂ ವಿಟಮಿನ್ ಎ ಸಿಗುತ್ತದೆ. 3,100ನ್ನು 12ರಿಂದ ಭಾಗಿಸಿ. ಸುಮಾರು 258 ಬಂತೇ? ಕುಂಬಳದಲ್ಲಿರುವ ಬೇರೆ ಕೆರೋಟಿನ್ನುಗಳನ್ನೂ ಸೇರಿಸಿದರೆ ಇದು 400 ಮೈಕ್ರೋಗ್ರಾಂ ದಾಟುತ್ತದೆ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಬೇಕಾದದ್ದು ಸುಮಾರು 600ರಿಂದ 800 ಮೈಕ್ರೋಗ್ರಾಂ. ಅರ್ಧದಷ್ಟು ಒಂದು ಹಿಡಿ ಹೋಳಿನಲ್ಲೇ ಬಂತು! ಆದರೆ ಎಲ್ಲ ಕುಂಬಳವೂ ಒಂದೇ ಸಮವಲ್ಲ. ತಿರುಳು ಗಾಢ ಕಿತ್ತಳೆಯಾಗಿದ್ದರೆ ಕೆರೋಟಿನ್ ಹೆಚ್ಚು, ತಿಳಿಹಳದಿಯಾಗಿದ್ದರೆ ಕಡಿಮೆ. ತಳ್ಳುಗಾಡಿಯಲ್ಲಿ ಹೋಳು ಮಾಡಿಟ್ಟ ಕುಂಬಳ ಕೊಳ್ಳುವಾಗ ಬಣ್ಣ ನೋಡಿ ಆರಿಸಿ. ನಮ್ಮ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ 'ಅರ್ಕಾ ಚಂದನ್' ಎಂಬ ತಳಿ ಕೆರೋಟಿನ್ ಹೆಚ್ಚಾಗಿರುವ ಕಿತ್ತಳೆ ತಿರುಳಿಗೆ ಹೆಸರಾಗಿದೆ. ಒಂದೊಂದು ಕಾಯಿ ಎರಡು ಮೂರು ಕಿಲೋ ತೂಗುತ್ತದೆ. ಅದೇ ಸಂಸ್ಥೆಯ 'ಅರ್ಕಾ ಸೂರ್ಯಮುಖಿ' ಒಂದು, ಒಂದೂವರೆ ಕಿಲೋದ ಪುಟ್ಟ ಕಾಯಿ.

ವಿಟಮಿನ್ ಎ ಕಣ್ಣಿಗೆ ಏಕೆ ಬೇಕು? ಕಣ್ಣಿನ ಒಳಗೋಡೆಯಲ್ಲಿ ಅಕ್ಷಿಪಟಲವಿದೆ. ಅಲ್ಲಿ ಕೋಲಿನಾಕಾರದ ಕೋಶಗಳು ಮಂದ ಬೆಳಕಿನಲ್ಲಿ ನೋಡುವ ಕೆಲಸ ಮಾಡುತ್ತವೆ. ಅವುಗಳಲ್ಲಿ ರೊಡಾಪ್ಸಿನ್ ಎಂಬ ವರ್ಣವಸ್ತು ಇದೆ. ಅದರ ಒಂದು ಭಾಗ ತಯಾರಾಗುವುದು ವಿಟಮಿನ್ ಎ ಇಂದ. ಬೆಳಕು ಬಿದ್ದಾಗ ಆ ಭಾಗ ಕಳಚಿಕೊಳ್ಳುತ್ತದೆ, ಮತ್ತೆ ಜೋಡಿಕೊಳ್ಳಬೇಕು. ವಿಟಮಿನ್ ಎ ಸಾಕಷ್ಟಿಲ್ಲದಿದ್ದರೆ ರೊಡಾಪ್ಸಿನ್ ಕಡಿಮೆಯಾಗಿ ಮೊದಲು ಮುಸ್ಸಂಜೆಯ ನೋಟ ಹೋಗುತ್ತದೆ. ನನ್ನ ತಮ್ಮನಿಗೆ ಆದದ್ದು ಇದೇ. ಆಗಲೂ ಎಚ್ಚೆತ್ತುಕೊಳ್ಳದಿದ್ದರೆ ಕಣ್ಣಿನ ಪಾರದರ್ಶಕ ಪಟಲವೇ ಹಾಳಾಗಿ ಹಗಲಿನ ನೋಟವೂ ಶಾಶ್ವತವಾಗಿ ಹೋಗಬಹುದು. ಅಕ್ಷಿಪಟಲದಲ್ಲಿ ವಿಟಮಿನ್ ಎ ಇರುವುದನ್ನು 1933ರಲ್ಲಿ ತೋರಿಸಿಕೊಟ್ಟವರು ಜಾರ್ಜ್ ವಾಲ್ಡ್ ಎಂಬ ವಿಜ್ಞಾನಿ. ನೋಟದ ಕುರಿತ ಸಂಶೋಧನೆಗಾಗಿ 1967ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು.

ಭಾರತದಲ್ಲಿ ಪುಟ್ಟ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲೇ ಆರಂಭವಾಯಿತು. ಈಗ 9 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕೊಡುತ್ತಾರೆ. ದಡಾರಕ್ಕೆ ಲಸಿಕೆಯೂ ಇದೆ. ನನ್ನ ತಮ್ಮನಿಗೆ ಇವೆರಡನ್ನೂ ಕೊಡಿಸಿರಲಿಲ್ಲ. ನಿಮ್ಮ ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಅಂಗನವಾಡಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಲು ಅಮ್ಮನಿಗೆ ನೆನಪಿಸಿ.

ಒಂದು ಎಚ್ಚರಿಕೆಯ ಮಾತು. ಕುಂಬಳ ತಿಂದರೆ ಕನ್ನಡಕ ಬಿಡಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಪ್ಪುಹಲಗೆ ಮಸುಕಾಗಿ ಕಾಣುವುದು ಬೇರೆ ಕಾರಣದಿಂದ. ಅದಕ್ಕೆ ಕನ್ನಡಕವೇ ಬೇಕು. ಇರುಳುಗುರುಡು ಬಂದವರಿಗೂ ಮೊದಲು ಡಾಕ್ಟರ ಔಷಧಿಯೇ ಬೇಕು. ಆಹಾರ ಮಾಡುವ ಕೆಲಸ, ಆ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು. ಕುಂಬಳ ಒಂದೇ ಅಲ್ಲ, ನುಗ್ಗೆಸೊಪ್ಪು, ದಂಟಿನಸೊಪ್ಪು, ಕ್ಯಾರೆಟ್, ಪರಂಗಿ, ಮಾವು, ಹಾಲು, ಮೊಟ್ಟೆ ಇವೆಲ್ಲ ಆ ಕೆಲಸ ಮಾಡುತ್ತವೆ.

ಅಡುಗೆಮನೆಗಳ ಮೇಳ

ಬನಶಂಕರಿಯ ಆ ಶಾಲೆಗೆ ಮುಂದಿನ ತಿಂಗಳು ಹೋಗುವಾಗ ಮಕ್ಕಳಿಗೆ ಒಂದು ಕೆಲಸ ಹೇಳಿದ್ದೆ: ಮನೆಯಲ್ಲಿ ಸಿಹಿಗುಂಬಳದಿಂದ ಏನು ಮಾಡುತ್ತಾರೆ, ಕೇಳಿ ಬರೆದುಕೊಂಡು ಬನ್ನಿ. ಸಾಧ್ಯವಾದರೆ ಒಂದು ಡಬ್ಬಿಯಲ್ಲಿ ತನ್ನಿ.

ಎಷ್ಟು ಬಗೆ ಬಂದವು! ನಮ್ಮ ಶಾಲೆಗಳಲ್ಲಿ ಕಟ್ಟಡ ಕೆಲಸಕ್ಕೆ ದೂರದೂರದಿಂದ ಬಂದವರ ಮಕ್ಕಳು ಬಹಳ ಇದ್ದಾರೆ. ಕಲಬುರಗಿ ಕಡೆಯ ಹುಡುಗಿ ಕುಂಬಳಕಾಯಿ ಗಾರಿಗೆ ತಂದಿದ್ದಳು. ತುರಿದ ಕುಂಬಳವನ್ನು ಬೆಲ್ಲದ ಜೊತೆ ಬೇಯಿಸಿ, ಗೋಧಿಹಿಟ್ಟು ಕಲಸಿ, ತಟ್ಟಿ ಎಣ್ಣೆಯಲ್ಲಿ ಕರಿದದ್ದು. ಮಂಗಳೂರು ಕಡೆಯ ಅಜ್ಜಿಯಿರುವ ಹುಡುಗ, ತುರಿದ ಕುಂಬಳ, ಅಕ್ಕಿ, ಬೆಲ್ಲ ಸೇರಿಸಿ ಎಲೆಯಲ್ಲಿ ಬೇಯಿಸುವ ಗಟ್ಟಿಯ ಬಗ್ಗೆ ಬರೆದಿದ್ದ. ಬಿಹಾರದ ಹುಡುಗ ಕದ್ದು ಪಲ್ಯ ತಂದಿದ್ದ. ಮೆಂತ್ಯದ ಒಗ್ಗರಣೆಯ ಘಮ ತರಗತಿ ತುಂಬಿತು. ಒಡಿಶಾದ ಹುಡುಗಿ ತಮ್ಮ ಭಾಷೆಯಲ್ಲಿ ಇದರ ಹೆಸರು ಕಖಾರು ಎಂದಳು. ಎಳೆ ಚಿಗುರಿನ ಸೊಪ್ಪಿನ ಪಲ್ಯ, ಹೂವಿನ ಬಜ್ಜಿ, ಸಿಪ್ಪೆಯ ಚಟ್ನಿ, ಕಡುಬು, ದೋಸೆ ಎಂದು ಪಟ್ಟಿ ಬೆಳೆಯಿತು. ಹುರಿದ ಬೀಜ ತಂದವನ ಸುತ್ತ ಎಲ್ಲರೂ ಮುತ್ತಿದರು. ಬೀಜದ ಒಳತಿರುಳಿನ 100 ಗ್ರಾಂನಲ್ಲಿ ಸುಮಾರು 30 ಗ್ರಾಂ ಪ್ರೋಟೀನು, ಜೊತೆಗೆ ಸತು, ಮೆಗ್ನೀಸಿಯಂ ಇದೆ. ಅಂದರೆ ಈ ಬಳ್ಳಿಯಲ್ಲಿ ಎಸೆಯುವಂಥದ್ದು ಬಹಳ ಕಡಿಮೆ.

ನಾನು ಕೇಳಿದೆ: "ಇಷ್ಟೆಲ್ಲ ಅಡುಗೆಗಳಲ್ಲಿ ಒಂದು ಸಾಮಾನ್ಯ ಅಂಶ ಇದೆ, ಹುಡುಕಿ." ಸ್ವಲ್ಪ ಹೊತ್ತಿನ ಬಳಿಕ ತಮಿಳು ಮಾತನಾಡುವ ಮನೆಯ ಹುಡುಗನೊಬ್ಬ ಕೈಯೆತ್ತಿದ: "ಹೆಚ್ಚಿನದಕ್ಕೆ ಎಣ್ಣೆ ಇದೆ ಮಿಸ್, ಇಲ್ಲಾಂದ್ರೆ ತುಪ್ಪ, ತೆಂಗಿನಕಾಯಿ."

ಸರಿಯಾದ ಉತ್ತರ! ಬೀಟಾ ಕೆರೋಟಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಊಟದಲ್ಲಿ ಸ್ವಲ್ಪ ಕೊಬ್ಬಿದ್ದರೆ ಮಾತ್ರ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೇಯಿಸಿದಾಗ ಕೋಶಗಳ ಗೋಡೆ ಸಡಿಲವಾಗಿ ಅದು ಹೊರಬರಲು ಅನುಕೂಲವಾಗುತ್ತದೆ. ವಿಟಮಿನ್ನಿನ ಹೆಸರೇ ಕೇಳಿರದ ಅಜ್ಜಿಯಂದಿರು ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕಿ ಎಂಥ ಒಳ್ಳೆಯ ಕೆಲಸ ಮಾಡಿದ್ದಾರೆ ನೋಡಿ.

ಕಾಯಿ ಕಚ್ಚದ ಬಳ್ಳಿ

ಜೆ.ಪಿ. ನಗರದ ಒಂದು ಶಾಲೆಯ ಗೊಬ್ಬರಗುಂಡಿಯಲ್ಲಿ ಯಾರೂ ಬಿತ್ತದೆಯೇ ಕುಂಬಳದ ಬಳ್ಳಿ ಹುಟ್ಟಿತ್ತು. ಹಳದಿ ಹೂ ಬೇಕಾದಷ್ಟು ಬಿಟ್ಟವು, ಕಾಯಿ ಮಾತ್ರ ಒಂದೂ ಇಲ್ಲ. "ಗೊಡ್ಡು ಬಳ್ಳಿ, ಕಿತ್ತುಹಾಕೋಣ" ಎಂದು ಮಕ್ಕಳು ತೀರ್ಮಾನಿಸಿದ್ದರು. ಒಂದು ವಾರ ತಡೆಯಿರಿ ಎಂದೆ.

ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಇರುತ್ತವೆ. ಸಾಮಾನ್ಯವಾಗಿ ಮೊದಲು ಬರುವುದು ಗಂಡು ಹೂ. ಅದಕ್ಕೆ ಉದ್ದನೆಯ ತೆಳು ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿಯಿರುತ್ತದೆ. ಅದು ಅಂಡಾಶಯ. ಪರಾಗ ಜಿಗುಟಾಗಿ ಭಾರವಾಗಿರುವುದರಿಂದ ಗಾಳಿಯಲ್ಲಿ ಹಾರದು. ಜೇನುನೊಣ ಬರಲೇಬೇಕು. ಹೂ ಅರಳುವುದು ನಸುಕಿನಲ್ಲಿ, ಬಿಸಿಲೇರುವ ಹೊತ್ತಿಗೆ ಮುದುಡಿಬಿಡುತ್ತದೆ. ಅಷ್ಟರಲ್ಲಿ ನೊಣ ಬಾರದಿದ್ದರೆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ.

ವಾರದ ಬಳಿಕ ಹೆಣ್ಣು ಹೂಗಳು ಬಂದವು. ಮಕ್ಕಳು ಬೆಳಗ್ಗೆ ಏಳು ಗಂಟೆಗೇ ಶಾಲೆಗೆ ಬಂದು, ಗಂಡು ಹೂವಿನ ದಳ ಬಿಡಿಸಿ, ಅದರ ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೆಲ್ಲಗೆ ಸವರಿದರು. ಆರು ಹೂಗಳಲ್ಲಿ ಎರಡು ಕಾಯಿ ನಿಂತವು. ಒಂದನ್ನು ಇಲಿ ಕಡಿಯಿತು. ಇನ್ನೊಂದು ಬಲಿತು ಮೂರು ಕಿಲೋ ತೂಗಿತು. ಆ ಕಾಯಿಯ ಹೋಳನ್ನು ಯಾರೂ ತಟ್ಟೆಯ ಅಂಚಿಗಿಡಲಿಲ್ಲ ಎಂದು ಅಲ್ಲಿನ ಶಿಕ್ಷಕರು ಆಮೇಲೆ ಹೇಳಿದರು.

ನೀವೂ ಮಾಡಿ ನೋಡಿ

1. ಎರಡು ಪುಟ್ಟ ಸ್ಟೀಲ್ ಬಟ್ಟಲುಗಳಲ್ಲಿ ಒಂದೊಂದು ಚಮಚ ಕುಂಬಳದ ತುರಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಅಡುಗೆ ಎಣ್ಣೆ ಎರಡೆರಡು ಚಮಚ ಸೇರಿಸಿ. ದೊಡ್ಡವರ ಸಹಾಯದಿಂದ ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿ ಕಾಲು ಗಂಟೆ ಇಡಿ. ಆಮೇಲೆ ಸೋಸಿ, ಸ್ವಲ್ಪ ಹೊತ್ತು ಅಲುಗಿಸದೆ ಬಿಡಿ. ಕಿತ್ತಳೆ ಬಣ್ಣ ಯಾವುದಕ್ಕೆ ಇಳಿಯಿತು? ಏಕೆ?

2. ನಿಮ್ಮ ಸುತ್ತಮುತ್ತ ಕುಂಬಳದ ಬಳ್ಳಿಯಿದ್ದರೆ ಹತ್ತು ದಿನ ಬೆಳಗ್ಗೆ ಗಂಡು ಹೂ ಎಷ್ಟು, ಹೆಣ್ಣು ಹೂ ಎಷ್ಟು ಎಂದು ಎಣಿಸಿ ಬರೆಯಿರಿ. ಯಾವ ಯಾವ ಕೀಟಗಳು ಬಂದವು?

3. ಬಲಿತ ಕಾಯಿಯ ಬೀಜಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಮಣ್ಣು ಗೊಬ್ಬರ ತುಂಬಿದ ಚೀಲದಲ್ಲಿ ಬಿತ್ತಿ. ಎಷ್ಟು ದಿನಕ್ಕೆ ಮೊಳೆತವು? ಒಂದು ಮಾತು ನೆನಪಿರಲಿ: ಯಾವ ಕುಂಬಳವಾಗಲಿ, ಸೋರೆಯಾಗಲಿ ಕಹಿಯಾಗಿದ್ದರೆ ತಿನ್ನಲೇಬಾರದು. ಕಾಡಿನ ಕುಂಬಳದ ಆ ಹಳೆಯ ಕಹಿವಸ್ತು ಅಪರೂಪಕ್ಕೆ ಮರುಕಳಿಸುತ್ತದೆ. ಅದು ಹೊಟ್ಟೆಗೆ ವಿಷ.

ನನ್ನ ತಮ್ಮ ಈಗ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಾನೆ. ನಸುಕಿನ ನಾಲ್ಕು ಗಂಟೆಯ ಕತ್ತಲಲ್ಲಿ ಕನಕಪುರ ರಸ್ತೆಯಲ್ಲಿ ಬೆಂಗಳೂರಿಗೆ ಬರುತ್ತಾನೆ. ವಾರಕ್ಕೊಮ್ಮೆ ನಮ್ಮ ಮನೆಯ ಮುಂದೆ ನಿಲ್ಲಿಸಿ ಒಂದು ಕುಂಬಳಕಾಯಿ ಇಳಿಸಿ ಹೋಗುತ್ತಾನೆ. ತೊಟ್ಟು ಮುರಿಯದ ಕಾಯಿಯನ್ನೇ ಆರಿಸಿ ತರುತ್ತಾನೆ.

ಬನಶಂಕರಿಯ ಶಾಲೆಗೆ ಕಳೆದ ವಾರ ಮತ್ತೆ ಹೋಗಿದ್ದೆ. ಅವತ್ತೂ ಸಾಂಬಾರಿನಲ್ಲಿ ಕುಂಬಳವಿತ್ತು. ತಟ್ಟೆಯ ಅಂಚಿನಲ್ಲಿ ಹೋಳು ಪೂರ್ತಿ ಇಲ್ಲವಾಗಿರಲಿಲ್ಲ, ಕಡಿಮೆಯಾಗಿತ್ತು. ದೃಷ್ಟಿ ತೆಗೆಯುವ ಕಾಯಿ ಎಂದಿದ್ದ ಹುಡುಗಿ ನನ್ನನ್ನು ನೋಡಿ ತನ್ನ ತಟ್ಟೆಯನ್ನು ಎತ್ತಿ ತೋರಿಸಿದಳು. ಖಾಲಿಯಾಗಿತ್ತು.